ಗುಜರಿಯ ಮೀನುತೊಟ್ಟಿ

ಪಟ್ಟಣದ ಯಾವುದೇ ಗುಜರಿ ಅಂಗಡಿಯ ಹಿಂಬದಿಯನ್ನು ಹೊಕ್ಕು ನೋಡಿದರೆ, ಮುರಿದ ಕುರ್ಚಿ, ತುಕ್ಕುಹಿಡಿದ ಟ್ರಂಕು, ಸುಟ್ಟುಹೋದ ಮಿಕ್ಸಿಗಳ ನಡುವೆ, ಒಡೆಯದೆ ಸೀಳದೆ ಧೂಳು ಮುಚ್ಚಿಕೊಂಡು ನಿಂತ ಒಂದೆರಡು ಗಾಜಿನ ಮೀನುತೊಟ್ಟಿಗಳು ಕಣ್ಣಿಗೆ ಬೀಳುವುದುಂಟು. ಮಿಕ್ಕ ಸಾಮಾನುಗಳೆಲ್ಲ ಕೆಟ್ಟಮೇಲೆ ಅಲ್ಲಿಗೆ ಬಂದವು. ಈ ತೊಟ್ಟಿಗಳಾದರೋ ಬಹುಮಟ್ಟಿಗೆ ಕೆಡದೆಯೇ ಬಂದಂಥವು. ಕೆಟ್ಟದ್ದು ಅವುಗಳೊಳಗಿನ ನೀರು. ಮಕ್ಕಳ ಹಟಕ್ಕೆ ಮಣಿದ ಗೃಹಸ್ಥನೊಬ್ಬನು ಒಂದೇ ಸಂಜೆಯಲ್ಲಿ ತೊಟ್ಟಿಯನ್ನೂ, ನೀಲಿ ಕೆಂಪು ಬಣ್ಣದ ಹರಳುಗಳನ್ನೂ, ಪ್ಲಾಸ್ಟಿಕ್ಕಿನ ಗಿಡಗಳನ್ನೂ, ಹತ್ತಾರು ಮೀನುಗಳನ್ನೂ ಒಟ್ಟಿಗೆ ಕೊಂಡುತಂದು, ನಲ್ಲಿಯ ನೀರನ್ನು ತುಂಬಿ ಮೀನುಗಳನ್ನು ಬಿಟ್ಟು, ಆ ರಾತ್ರಿ ಮನೆಮಂದಿಯೆಲ್ಲ ಅದರ ಮುಂದೆ ಕುಳಿತು ಸಂತೋಷಪಟ್ಟು, ವಾರ ಕಳೆಯುವುದರೊಳಗೆ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗಲು, ಇದು ತಮ್ಮ ಮನೆಗೆ ಆಗಿಬರುವುದಲ್ಲವೆಂದು ತೀರ್ಮಾನಿಸಿ ತೊಟ್ಟಿಯನ್ನು ಅಟ್ಟಕ್ಕೇರಿಸುವುದು ಎಷ್ಟೋ ಮನೆಗಳಲ್ಲಿ ನಡೆದಿರುವ ಸಂಗತಿ. ಅಟ್ಟದಿಂದ ಗುಜರಿಗೆ ದಾರಿ ದೂರವಿಲ್ಲ.

ಆದುದರಿಂದ ಹಳೆಯ ತೊಟ್ಟಿಯ ಜೀರ್ಣೋದ್ಧಾರಕ್ಕೆ ಹೊರಟವನ ಮುಂದೆ ಇರುವುದು ಎರಡು ಕೆಲಸ. ಗಾಜನ್ನು ಸರಿಪಡಿಸುವುದು ಒಂದು. ಆ ಗಾಜಿನೊಳಗೆ ಜೀವವನ್ನು ಧರಿಸಬಲ್ಲ ನೀರನ್ನು ಸಿದ್ಧಪಡಿಸುವುದು ಇನ್ನೊಂದು. ಮೊದಲನೆಯದು ಕೈಕೆಲಸ, ಒಂದೆರಡು ವಾರದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ತಿಂಗಳಿಗೂ ಮಿಕ್ಕಿದ ಸಹನೆ ಬೇಕು; ಮತ್ತು ಈ ಸಹನೆಯನ್ನು ಯಾವ ಅಂಗಡಿಯವನೂ ಗಿರಾಕಿಗೆ ಬೋಧಿಸುವುದಿಲ್ಲ, ಬೋಧಿಸಿದರೆ ಆ ಸಂಜೆಯ ಮೀನಿನ ವ್ಯಾಪಾರ ನಡೆಯುವುದೆಂತು?

ತೊಟ್ಟಿಯನ್ನು ಆರಿಸುವಲ್ಲಿ ಸ್ವಲ್ಪ ಗಣಿತ ಉಪಯೋಗಕ್ಕೆ ಬರುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಾಮಾನ್ಯ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 56 ಲೀಟರು, ಎಂದರೆ ನೀರಿನ ತೂಕವೇ 56 ಕಿಲೊ. ಗಾಜು, ಮಣ್ಣು, ಮರಳು, ಕಲ್ಲುಗಳೆಲ್ಲ ಸೇರಿದರೆ ಎಂಬತ್ತು ಕಿಲೊಗಳ ಸಮೀಪಕ್ಕೆ ಹೋಗುತ್ತದೆ. ನೀರಿನ ಒತ್ತಡವು ಅದರ ಉದ್ದ ಅಗಲಗಳನ್ನು ಲೆಕ್ಕಿಸದೆ ಆಳವನ್ನು ಮಾತ್ರ ಅನುಸರಿಸತಕ್ಕದ್ದೆಂಬುದು ಶಾಲೆಯಲ್ಲಿ ಎಲ್ಲರೂ ಓದಿದ ಪಾಠ. ಆ ಪಾಠದ ಪ್ರಕಾರ ಈ ತೊಟ್ಟಿಯ ಮುಂಭಾಗದ ಗಾಜನ್ನು ಒಳಗಿನ ನೀರು ಹಗಲಿರುಳೂ ನೂಕುತ್ತಿರುವ ಬಲ ಸುಮಾರು 28 ಕಿಲೊ ತೂಕಕ್ಕೆ ಸಮ. ಎತ್ತರವನ್ನು ಎರಡಡಿಗೆ ಏರಿಸಿದೆವೆನ್ನಿ. ಗಾಜಿನ ವಿಸ್ತೀರ್ಣವೂ ಇಮ್ಮಡಿ, ಸರಾಸರಿ ಒತ್ತಡವೂ ಇಮ್ಮಡಿ, ಆದಕಾರಣ ಬಲವು ನಾಲ್ಮಡಿಯಾಗಿ 113 ಕಿಲೊಗಳನ್ನು ಮುಟ್ಟುತ್ತದೆ. ನೋಡಲು ಠೀವಿಯಾಗಿ ಕಾಣುವ ಎತ್ತರದ ತೊಟ್ಟಿಗಳೇ ಸೋರುವುದರಲ್ಲಿ ಮುಂದಾಗಲು ಇದೇ ಕಾರಣ. ಹಳೆಯದನ್ನು ಕೊಳ್ಳುವವನು ಕುಳ್ಳಾಗಿ ಅಗಲವಾಗಿರುವುದನ್ನು ಕೊಳ್ಳುವುದು ಮೇಲು. ಗಿಡಗಳಿಗೆ ಬೆಳಕು ತಳದವರೆಗೆ ಇಳಿಯುವುದಕ್ಕೂ, ಮೇಲ್ಮೈಯಲ್ಲಿ ಗಾಳಿ ನೀರಿನೊಡನೆ ಬೆರೆಯುವುದಕ್ಕೂ ಅದೇ ಅನುಕೂಲ.

ಗಾಜಿನಲ್ಲಿ ಬಿರುಕಿದ್ದರೆ ಅದು ಎಷ್ಟೇ ಸಣ್ಣದಾಗಿರಲಿ, ಬೆಲೆ ಎಷ್ಟೇ ಇಳಿಯಲಿ, ಕೈಬಿಡತಕ್ಕದ್ದು. ಗೀರುಗಳ ವಿಷಯದಲ್ಲಿ ಅಷ್ಟು ಕಠಿಣರಾಗಬೇಕಿಲ್ಲ: ಹೊರಮೈಯ ಗೀರು ಹಾಗೆಯೇ ಕಾಣುತ್ತಿರುವುದು ನಿಜವಾದರೂ, ಒಳಮೈಯ ಗೀರು ನೀರು ತುಂಬಿದೊಡನೆ ಬಹುಪಾಲು ಮಾಯವಾಗುತ್ತದೆ, ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಳಿಗಿಂತ ನೀರು ಗಾಜಿಗೆ ಹತ್ತಿರವಾದದ್ದು. ಮೂಲೆಗಳಲ್ಲಿನ ಅಂಟು, ಎಂದರೆ ಸಿಲಿಕೋನ್, ನೀಲಿಬಣ್ಣಕ್ಕೆ ತಿರುಗಿದ್ದರೆ ಹಿಂದಿನ ಯಜಮಾನನು ಮೀನುಗಳ ರೋಗಕ್ಕೆ ಮೆಥಿಲೀನ್ ಬ್ಲೂ ಎಂಬ ಔಷಧವನ್ನು ಹಾಕಿದ್ದನೆಂದು ಊಹಿಸಬಹುದು. ಆ ಬಣ್ಣ ಉಜ್ಜಿದರೆ ಹೋಗುವುದಲ್ಲ. ಅದರಿಂದ ಕೇಡೇನೂ ಇಲ್ಲವಾದರೂ, ಅಂಥ ತೊಟ್ಟಿಯನ್ನು ಶುದ್ಧಿ ಮಾಡುವುದರಲ್ಲಿ ಉದಾಸೀನ ಸಲ್ಲದು.

ಶುದ್ಧಿಯ ಮಾತು ಬಂದಾಗ ಮೊದಲು ಹೇಳಬೇಕಾದದ್ದು, ಸೋಪನ್ನಾಗಲಿ ಪಾತ್ರೆ ತೊಳೆಯುವ ಪುಡಿಯನ್ನಾಗಲಿ ಹತ್ತಿರ ಸುಳಿಯಗೊಡಬಾರದೆಂಬುದು. ಅಂಟಿನ ಸಂದಿಯಲ್ಲಿ ಉಳಿದ ಅದರ ಲೇಶವೂ ಮೀನಿನ ಕಿವಿರಿಗೆ ಮಾರಕ. ಗಾಜಿನ ಮೇಲಂಚಿನಲ್ಲಿ ಬೂದಿಬಣ್ಣದ ಪಟ್ಟಿಯಾಗಿ ಕಟ್ಟಿರುವುದು ಸುಣ್ಣ. ಕೊಳವೆಬಾವಿಯ ಗಡಸುನೀರು ಆವಿಯಾಗಿ ಹೋದಾಗಲೆಲ್ಲ ತನ್ನೊಳಗಿದ್ದ ಲವಣವನ್ನು ಗಾಜಿಗೆ ಹಚ್ಚಿಹೋಗಿರುತ್ತದೆ. ಅದನ್ನು ಕೆರೆಯಲು ಹೋದರೆ ಗಾಜು ಗೀರುತ್ತದೆಯೇ ಹೊರತು ಸುಣ್ಣ ಬಿಡುವುದಿಲ್ಲ. ಹಳೆಯ ಹತ್ತಿಬಟ್ಟೆಯನ್ನು ವಿನೆಗರಿನಲ್ಲಿ ಇಲ್ಲವೆ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಅದ್ದಿ ಪಟ್ಟಿಯ ಮೇಲೆ ಹೊದಿಸಿ ಒಂದೆರಡು ಗಂಟೆ ಬಿಟ್ಟರೆ, ಆಮ್ಲವು ಸುಣ್ಣವನ್ನು ಕರಗಿಸುತ್ತ ಬಟ್ಟೆಯಂಚಿನಲ್ಲಿ ಸಣ್ಣ ಗುಳ್ಳೆಗಳನ್ನೆಬ್ಬಿಸುವುದನ್ನು ಕಾಣಬಹುದು. ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು ಅವು. ಬಳಿಕ ನಮ್ಮ ಹಳ್ಳಿಗಳಲ್ಲಿ ಕುಡಿಯುವ ಬಾವಿಗೆ ಹಾಕುತ್ತಿದ್ದ ಬ್ಲೀಚಿಂಗ್ ಪೌಡರನ್ನೇ ಅಲ್ಪಪ್ರಮಾಣದಲ್ಲಿ ಕಲಸಿ ತೊಳೆದು, ನಾಲ್ಕಾರು ಬಾರಿ ಒಳ್ಳೆಯ ನೀರಿನಲ್ಲಿ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಿದರೆ ರೋಗಾಣುಗಳ ಭಯ ತೀರುತ್ತದೆ. ವಿನೆಗರನ್ನೂ ಬ್ಲೀಚಿಂಗ್ ಪೌಡರನ್ನೂ ಒಂದುಗೂಡಿಸುವುದು ಮಾತ್ರ ಎಂದಿಗೂ ಕೂಡದು. ಅವೆರಡು ಸೇರಿದರೆ ವಿಷವಾದ ಕ್ಲೋರಿನ್ ಅನಿಲ ಹೊರಡುತ್ತದೆ.

ಇನ್ನು ಅಂಟು. ಒಂದು ಕಾಲದಲ್ಲಿ ಮೀನುತೊಟ್ಟಿಗೆ ಲೋಹದ ಚೌಕಟ್ಟೂ, ಗಾಜನ್ನು ಅದರೊಳಗೆ ಕೂರಿಸಲು ಪುಟ್ಟಿಯೂ ಅವಶ್ಯವಾಗಿದ್ದುವು. ಇಪ್ಪತ್ತನೆಯ ಶತಮಾನದ ಅರುವತ್ತರ ದಶಕದಲ್ಲಿ ಸಿಲಿಕೋನ್ ಬಳಕೆಗೆ ಬಂದಮೇಲೆ ಚೌಕಟ್ಟು ಹೋಗಿ, ಗಾಜಿಗೆ ಗಾಜೇ ಆಧಾರವಾಯಿತು. ತೊಟ್ಟಿಯ ಮೂಲೆಯನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಎರಡು ಬಗೆಯ ಅಂಟು ಇರುವುದು ತಿಳಿಯುತ್ತದೆ. ಗಾಜಿನ ಎರಡು ಹಲಗೆಗಳು ಕೂಡುವ ಸಂದಿಯೊಳಗೆ ತೆಳುವಾಗಿ ಸೇರಿಕೊಂಡು ಅವನ್ನು ಹಿಡಿದಿರುವುದು ಒಂದು. ಅದರ ಮೇಲೆ ಒಳಮೂಲೆಯ ಉದ್ದಕ್ಕೂ ಬತ್ತಿಯ ಹಾಗೆ ಎಳೆದು ಸಂದಿಗೆ ನೀರು ತಾಗದಂತೆ ಕಾಪಾಡುವುದು ಇನ್ನೊಂದು. ಕಾಲಕ್ರಮದಲ್ಲಿ ಸಡಿಲುವುದು ಸಾಮಾನ್ಯವಾಗಿ ಈ ಎರಡನೆಯದೇ. ಉಗುರಿನಿಂದ ಒತ್ತಿ ಎಬ್ಬಿಸಿದರೆ ತುದಿ ಎದ್ದುಬರುತ್ತದೆಯೆಂದಾದರೆ ಅಲ್ಲಿ ಮಾತ್ರ ತೇಪೆ ಹಾಕುವ ಪ್ರಲೋಭನ ಯಾರಿಗಾದರೂ ಉಂಟಾಗುವುದು ಸಹಜ. ಆದರೆ ಹೊಸ ಸಿಲಿಕೋನ್ ಗಾಜನ್ನು ಹಿಡಿಯುವಷ್ಟು ಬಿಗಿಯಾಗಿ ಹಳೆಯ ಸಿಲಿಕೋನನ್ನು ಹಿಡಿಯುವುದಿಲ್ಲ; ತೇಪೆಯ ಅಂಚಿನಿಂದಲೇ ನೀರು ಮತ್ತೆ ಹಾದಿ ಮಾಡಿಕೊಳ್ಳುತ್ತದೆ. ಒಳಬತ್ತಿಯನ್ನು ನಾಲ್ಕು ನಿಲುಮೂಲೆಗಳಿಂದಲೂ ತಳದ ನಾಲ್ಕಂಚುಗಳಿಂದಲೂ ಪೂರ್ತಿಯಾಗಿ ತೆಗೆದುಬಿಡುವುದೇ ಲೇಸು.

ಈ ತೆಗೆಯುವ ಕೆಲಸ ಅವಸರದವರಿಗೆ ಒಗ್ಗುವುದಲ್ಲ. ಹೊಸ ಬ್ಲೇಡನ್ನು ಗಾಜಿಗೆ ಆದಷ್ಟು ಮಲಗಿಸಿ ಹಿಡಿದು, ಸಂದಿಯೊಳಗಿನ ಮೂಲ ಅಂಟಿಗೆ ಅಲಗು ಇಳಿಯದಂತೆ ಎಚ್ಚರದಿಂದ ಬತ್ತಿಯ ಒಂದು ಮಗ್ಗುಲನ್ನೂ ಮತ್ತೊಂದು ಮಗ್ಗುಲನ್ನೂ ಕೊಯ್ದರೆ, ಅದು ರಬ್ಬರಿನ ದಾರದಂತೆ ಉದ್ದಕ್ಕೆ ಕಿತ್ತುಬರುತ್ತದೆ. ಬಂದಮೇಲೂ ಗಾಜಿನ ಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಉಳಿದಿರುತ್ತದೆ. ಬೆರಳನ್ನಾಡಿಸಿದರೆ ಜಾರದೆ ತಡೆಯುವ ಜಾಗವೇ ಅದು. ಅದನ್ನು ಕೆರೆದು, ಸ್ಪಿರಿಟ್ಟಿನಿಂದ ಒರೆಸಿ, ಮೂಲೆಯ ಎರಡು ಕಡೆಗೂ ಕಾಗದದ ಟೇಪನ್ನಂಟಿಸಿ, ನಡುವೆ ಹೊಸ ಸಿಲಿಕೋನನ್ನು ಒಂದೇ ಉಸಿರಿನಲ್ಲಿ ಎಂಬಂತೆ ಎಲ್ಲಿಯೂ ಕಡಿಯದೆ ಎಳೆದು, ಒದ್ದೆಬೆರಳಿನಿಂದ ತೀಡಿ, ಮೇಲೆ ಕೆನೆಗಟ್ಟುವುದಕ್ಕೆ ಮುಂಚೆಯೇ ಟೇಪನ್ನು ಸುಲಿದುಬಿಡಬೇಕು. ಕೊಳ್ಳುವ ಟ್ಯೂಬಿನ ಮೇಲೆ ಅಕ್ವೇರಿಯಂಗೆ ಯೋಗ್ಯವೆಂದು ಬರೆದಿರಬೇಕಾದ್ದು ಅವಶ್ಯ. ಬಚ್ಚಲುಮನೆಗೆಂದು ಮಾರುವುದರಲ್ಲಿ ಬೂಷ್ಟು ತಡೆಯುವ ವಿಷ ಬೆರೆತಿರುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಸಿಲಿಕೋನ್ ಗಟ್ಟಿಯಾಗುತ್ತಿರುವಾಗ ವಿನೆಗರಿನ ಘಾಟು ಬರುತ್ತದೆ, ಏಕೆಂದರೆ ಗಾಳಿಯ ತೇವವನ್ನು ಹೀರಿ ಅದು ಹೊರಬಿಡುವುದು ಅಸಿಟಿಕ್ ಆಮ್ಲವನ್ನು. ಸುಣ್ಣ ಕರಗಿಸಲು ನಾವು ಬಳಸಿದ್ದೂ ಅದನ್ನೇ. ಆ ಘಾಟು ಪೂರ್ಣವಾಗಿ ಅಡಗುವವರೆಗೆ ನೀರು ಮುಟ್ಟಿಸಲಾಗದು. ಎರಡು ದಿವಸ ಸಾಕೆಂದು ಟ್ಯೂಬಿನ ಮೇಲೆ ಬರೆದಿದ್ದರೂ ಒಂದು ವಾರ ಬಿಡುವವರು ಪಶ್ಚಾತ್ತಾಪ ಪಡುವುದಿಲ್ಲ.

ಪರೀಕ್ಷೆಯನ್ನು ಮನೆಯೊಳಗಲ್ಲ, ಅಂಗಳದಲ್ಲಿಯೋ ತಾರಸಿಯ ಮೇಲೆಯೋ ನಡೆಸುವುದು ವಿವೇಕ. ಸಮನಾದ ನೆಲದಲ್ಲಿ ಥರ್ಮಾಕೋಲ್ ಹಲಗೆಯ ಮೇಲೆ ತೊಟ್ಟಿಯನ್ನಿಟ್ಟು, ಸುತ್ತ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ನೀರು ತುಂಬಿ ಎರಡು ದಿನ ನೋಡಿದರೆ, ಗಾಜಿನ ಮೇಲೆ ಕಾಣದ ಹನಿಯೂ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಥರ್ಮಾಕೋಲಿನ ಪ್ರಯೋಜನ ಅಲ್ಲಿಗೇ ಮುಗಿಯದು. ಸ್ಟ್ಯಾಂಡಿನ ಮೇಲೆಯೂ ಅದು ಇರಬೇಕು, ಏಕೆಂದರೆ ತಳದಲ್ಲಿ ಸಿಕ್ಕಿಕೊಂಡ ಒಂದು ಮರಳಕಾಳು ಸಾಕು, ಎಂಬತ್ತು ಕಿಲೊ ಭಾರ ಆ ಬಿಂದುವಿನಲ್ಲಿ ಕೇಂದ್ರೀಕೃತವಾಗಿ ಗಾಜು ಸೀಳುವುದಕ್ಕೆ. ಗಾರೆಯವರ ರಸಮಟ್ಟವನ್ನು ಕಡ ತಂದು ಸ್ಟ್ಯಾಂಡಿನ ಮಟ್ಟವನ್ನು ನೋಡಿಕೊಂಡರೆ ಇನ್ನೂ ಒಳ್ಳೆಯದು. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಸ್ಥಳ ಬೇಡ. ಅಲ್ಲಿ ಗಿಡಕ್ಕಿಂತ ಮುಂಚೆ ಪಾಚಿ ಬೆಳೆಯುತ್ತದೆ.

ಗಾಜಿನ ಕೆಲಸ ಇಷ್ಟಾದಮೇಲೆ ಗಿಡಗಳ ಕೆಲಸ. ಗಿಡಗಳು ಕೇವಲ ಅಲಂಕಾರವೆಂದು ತಿಳಿದವರೇ ಹೆಚ್ಚು; ಆದರೆ ಮನೆಯೊಳಗಿನ ಮೀನುತೊಟ್ಟಿ ಎಂಬುದು ಸಾಧ್ಯವಾದದ್ದೇ ಗಿಡದ ದೆಸೆಯಿಂದ. ನೀರಿನಲ್ಲಿ ಮುಳುಗಿಸಿದ ಹಸಿರೆಲೆ ಬಿಸಿಲಿನಲ್ಲಿ ಗುಳ್ಳೆಗಳನ್ನು ಬಿಡುತ್ತದೆ, ಕತ್ತಲಾದೊಡನೆ ನಿಲ್ಲಿಸುತ್ತದೆ ಎಂಬುದನ್ನು ಯಾನ್ ಇಂಗೆನ್‌ಹೌಸ್ 1779ರಲ್ಲಿ ಪ್ರಕಟಪಡಿಸಿ, ಆ ಗುಳ್ಳೆ ಪ್ರಾಣವಾಯುವೆಂದು ತೋರಿಸಿದ್ದನು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಈ ತತ್ತ್ವವನ್ನು ಆಧರಿಸಿ, ಹನ್ನೆರಡು ಗ್ಯಾಲನ್ ಹಿಡಿಯುವ ಪಾತ್ರೆಯೊಂದರಲ್ಲಿ ಮರಳನ್ನೂ ಮಣ್ಣನ್ನೂ ಹರಡಿ, ವ್ಯಾಲಿಸ್ನೇರಿಯ ಎಂಬ ಪಟ್ಟಿಯಂಥ ಎಲೆಯ ಜಲಸಸ್ಯವನ್ನು ನೆಟ್ಟು, ಎರಡು ಚಿನ್ನದ ಮೀನುಗಳನ್ನು ಬಿಟ್ಟನು. ಕೆಲಕಾಲ ಎಲ್ಲವೂ ನೆಟ್ಟಗಿದ್ದು, ಆಮೇಲೆ ಉದುರಿದ ಎಲೆಗಳು ಕೊಳೆತು ನೀರು ಕದಡತೊಡಗಿತು. ಆಗ ಅವನು ಮಾಡಿದ್ದು ನೀರನ್ನು ಬದಲಾಯಿಸುವುದಲ್ಲ, ಕೊಳದ ಬಸವನಹುಳುಗಳನ್ನು ತಂದು ಬಿಡುವುದು. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದಿತು, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ವಿದ್ವಾಂಸರ ಮುಂದಿಟ್ಟನು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ಗಾಜಿನ ಮೇಲಿನ ತೆರಿಗೆಯನ್ನು ಬ್ರಿಟಿಷ್ ಸರಕಾರ 1845ರಲ್ಲಿ ರದ್ದುಪಡಿಸಿದ್ದು ಈ ಗೀಳಿಗೆ ಬಹಳ ಸಹಾಯಕವಾಯಿತೆಂಬುದನ್ನೂ ಮರೆಯಬಾರದು. ಎಷ್ಟೋ ವೇಳೆ ವಿಜ್ಞಾನದ ಉತ್ಸಾಹ ತೆರಿಗೆಯವರ ಕೃಪೆಯನ್ನು ಕಾದಿರುತ್ತದೆ.

ಮಣ್ಣು ಮರಳುಗಳ ಈ ಹಳೆಯ ಪದ್ಧತಿಯನ್ನೇ ಅಮೆರಿಕದ ಡಯಾನ ವಾಲ್‌ಸ್ಟಾಡ್ ಎಂಬಾಕೆ 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶಾಸ್ತ್ರೀಯವಾಗಿ ಸಮರ್ಥಿಸಿದ್ದಾಳೆ. ತಳದಲ್ಲಿ ಒಂದಂಗುಲ ಜರಡಿಯಾಡಿದ ಮಣ್ಣು, ಅದರ ಮೇಲೆ ಒಂದು ಒಂದೂವರೆ ಅಂಗುಲ ತೊಳೆದ ಮರಳು ಅಥವಾ ಸಣ್ಣ ಹರಳು. ಗಿಡಕ್ಕೆ ಬೇಕಾದ ಆಹಾರ ಅಲ್ಲಿಂದಲೇ ಬರುತ್ತದೆ. ನಮ್ಮ ರೈತರು ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಾರಲ್ಲವೆ, ಅಂಥ ಮಣ್ಣೂ ಸಲ್ಲುತ್ತದೆ; ಗೊಬ್ಬರ ಬೆರೆಸಿದ ನರ್ಸರಿಯ ಮಣ್ಣು ಮಾತ್ರ ಕೂಡದು, ಅದು ನೀರಿನಡಿಯಲ್ಲಿ ಕೊಳೆತು ನಾರುತ್ತದೆ. ಹರಳಿನಲ್ಲಿ ಸುಣ್ಣಕಲ್ಲು ಇದೆಯೇ ಎಂದು ತಿಳಿಯಲು ಎರಡು ಹನಿ ವಿನೆಗರ್ ಹಾಕಿದರಾಯಿತು. ನೊರೆ ಬಂದರೆ ಬೇಡ.

ಗಿಡಗಳಿಗಾಗಿ ದೂರದೇಶಗಳನ್ನು ನೆನೆಯಬೇಕಾಗಿಲ್ಲ. ಜಗತ್ತಿನ ಅಕ್ವೇರಿಯಂಗಳಲ್ಲಿ ಕೆಂಪೆಲೆಗಾಗಿ ಪ್ರಸಿದ್ಧವಾದ ರೊಟಾಲ ಮ್ಯಾಕ್ರಾಂಡ್ರ ಪಶ್ಚಿಮಘಟ್ಟಗಳ ಕೂಸು. ಕ್ರಿಪ್ಟೊಕೊರಿನ್ ಜಾತಿಯ ಕೆಲವು ನಮ್ಮ ಘಟ್ಟದ ಹೊಳೆಗಳ ಕಲ್ಲುಸಂದಿಯಲ್ಲಿ ಬೆಳೆಯುತ್ತವೆ. ಆರಂಭಿಸುವವರಿಗೆ ಇವಕ್ಕಿಂತ ವ್ಯಾಲಿಸ್ನೇರಿಯ, ಹೈಡ್ರಿಲ್ಲ, ಹೈಗ್ರೊಫಿಲ ಮೊದಲಾದ ಶೀಘ್ರವಾಗಿ ಬೆಳೆಯುವವೇ ಹಿತ. ಕೊಳದಿಂದ ತಂದುದಾದರೆ ಜಿಗಣೆಯೂ ಏರೋಪ್ಲೇನ್ ಚಿಟ್ಟೆಯ ಮರಿಯೂ ಜೊತೆಗೆ ಬರುವ ಸಂಭವವುಂಟು; ಪೊಟ್ಯಾಸಿಯಂ ಪರ್ಮಾಂಗನೇಟು ಹಾಕಿದ ತೆಳುಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆಯಬೇಕು. ಮೊದಲ ದಿನವೇ ತಳವೆಲ್ಲ ಮುಚ್ಚುವಷ್ಟು ಒತ್ತಾಗಿ ನೆಡುವುದು ಉತ್ತಮ. ಜಿಪುಣತನದಿಂದ ನಾಲ್ಕು ಕಡ್ಡಿ ನೆಟ್ಟವನ ತೊಟ್ಟಿಯನ್ನು ಪಾಚಿ ಆಕ್ರಮಿಸುತ್ತದೆ. ದೀಪ ಬಿಳಿಯ ಎಲ್‌ಇಡಿ ಸಾಕು, ದಿನಕ್ಕೆ ಆರರಿಂದ ಎಂಟು ಗಂಟೆ. ನಗರದ ನಲ್ಲಿನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಬಾಯಿ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ತಟ್ಟೆಯೊಂದನ್ನು ಮರಳಿನ ಮೇಲಿಟ್ಟು ಅದರ ಮೇಲೆ ಮೆಲ್ಲಗೆ ಸುರಿದರೆ ತಳ ಕದಡುವುದಿಲ್ಲ. ಮೊದಲ ಎರಡು ವಾರ ಕೆಲವು ಎಲೆಗಳು ಕರಗಿಹೋಗುವುದುಂಟು. ಕ್ರಿಪ್ಟೊಕೊರಿನ್ ಅಂತೂ ಇದ್ದ ಎಲೆಯನ್ನೆಲ್ಲ ಬಿಟ್ಟು ಬೇರಿನಿಂದ ಹೊಸದಾಗಿ ಚಿಗುರುತ್ತದೆ. ಕಿತ್ತೆಸೆಯಬಾರದು. ವ್ಯಾಲಿಸ್ನೇರಿಯ ತನ್ನ ಬುಡದಿಂದ ಮರಳಿನ ಮೇಲೆ ಅಡ್ಡಕುಡಿಯನ್ನು ಕಳಿಸಿ ಗೇಣುದೂರದಲ್ಲಿ ಹೊಸ ಗಿಡವನ್ನೆಬ್ಬಿಸಿತೆಂದರೆ ಬೇರು ಮಣ್ಣನ್ನು ಹಿಡಿಯಿತೆಂದು ತಿಳಿಯಬಹುದು.

ತೊಟ್ಟಿ ಈಗ ನೋಡಲು ಸಿದ್ಧವಾಗಿದೆ; ನೀರು ಸಿದ್ಧವಾಗಿಲ್ಲ. ಗುಜರಿಗೆ ಹೋದ ತೊಟ್ಟಿಗಳ ರಹಸ್ಯವಿರುವುದು ಇಲ್ಲಿಯೇ. ಮೀನು ತನ್ನ ಕಿವಿರುಗಳಿಂದ ಸದಾ ಅಮೋನಿಯವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೆ ಬರುವುದೂ ಅದೇ. ಅಮೋನಿಯ ಮೀನಿಗೆ ವಿಷ. ಕೊಳವೆಬಾವಿಯ ಕ್ಷಾರಗುಣದ ನೀರಿನಲ್ಲಿ ಆ ವಿಷ ಇನ್ನೂ ತೀಕ್ಷ್ಣ. ಪ್ರಕೃತಿಯ ಕೆರೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿ ಪರಿವರ್ತಿಸುತ್ತವೆ. ನೈಟ್ರೈಟೂ ವಿಷವೇ, ಮೀನಿನ ರಕ್ತ ಆಮ್ಲಜನಕವನ್ನು ಹೊರಲಾರದಂತೆ ಮಾಡುತ್ತದೆ. ಇನ್ನೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟಾಗಿ ಮಾರ್ಪಡಿಸುತ್ತವೆ, ಅದನ್ನು ಗಿಡ ಹೀರುತ್ತದೆ. ಈ ಸೂಕ್ಷ್ಮಜೀವಿಗಳನ್ನು ಮೊದಲು ಬೇರ್ಪಡಿಸಿ ತೋರಿದವನು 1890ರ ಸುಮಾರಿನಲ್ಲಿ ರಷ್ಯದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಎರಡನೆಯ ಘಟ್ಟದ ಕೆಲಸ ನೈಟ್ರೊಬ್ಯಾಕ್ಟರಿನದೆಂದು ಪುಸ್ತಕಗಳು ಬಹುಕಾಲ ಹೇಳುತ್ತ ಬಂದಿದ್ದವು. ಮೀನುತೊಟ್ಟಿಗಳಲ್ಲಿ ಅದನ್ನು ಮಾಡುತ್ತಿರುವುದು ನೈಟ್ರೊಸ್ಪೈರ ಎಂಬ ಬೇರೆಯೇ ವಂಶವೆಂದು 1998ರಲ್ಲಿ ಗೊತ್ತಾಯಿತು.

ಈ ಬ್ಯಾಕ್ಟೀರಿಯಗಳು ಹೊಸ ನೀರಿನಲ್ಲಿ ಇರುವುದಿಲ್ಲ. ಹರಳು, ಗಾಜು, ನೀರು ಸೋಸುವ ಸ್ಪಂಜು ಫಿಲ್ಟರುಗಳ ಮೇಲೆ ಮೆಲ್ಲಮೆಲ್ಲನೆ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮೀನಿಲ್ಲದ ತೊಟ್ಟಿಗೆ ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ, ಅದು ಕೊಳೆತು ಅಮೋನಿಯವಾಗಿ ಈ ಜೀವಿಗಳಿಗೆ ಉಣಿಸಾಗುವಂತೆ ನೋಡಿಕೊಳ್ಳಬೇಕು. ಗಿಡಗಳೂ ಅಮೋನಿಯವನ್ನು ಹೀರುವುದರಿಂದ ಭಾರ ಹಂಚಿಹೋಗುತ್ತದೆ. ಪರಿಚಿತರ ಮನೆಯಲ್ಲಿ ಬಹುದಿನದಿಂದ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ, ಅದರ ಸ್ಪಂಜಿನ ಒಂದು ತುಂಡನ್ನು ಬೇಡಿ ತಂದು ಹಾಕುವುದು ಹಾಲಿಗೆ ಹೆಪ್ಪು ಹಾಕಿದಂತೆ. ಅರ್ಧಕ್ಕರ್ಧ ಕಾಲ ಉಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಲ್ಲಿ ಅಮೋನಿಯ, ನೈಟ್ರೈಟುಗಳೆರಡೂ ಶೂನ್ಯವೆಂದು ಕಂಡಂದು ಮೀನು ತರಬಹುದು. ಖಾಲಿ ತೊಟ್ಟಿಯನ್ನು ತಿಂಗಳುಗಟ್ಟಲೆ ನೋಡುತ್ತ ಕೂರುವುದು ಹೇಗೆಂದು ಕೇಳುವವರುಂಟು. ನನಗಂತೂ ಆ ತಿಂಗಳೇ ಪ್ರಿಯವಾದದ್ದು. ನಡುಹಗಲಿನ ಹೊತ್ತಿಗೆ ಹೈಡ್ರಿಲ್ಲದ ಎಲೆಯಂಚಿನಲ್ಲಿ ಸಾಸಿವೆಗಿಂತ ಕಿರಿದಾದ ಗುಳ್ಳೆ ಮೂಡಿ, ಬೆಳೆದು, ಎಲೆಯನ್ನು ಬಿಡಲೊಲ್ಲದೆ ಕ್ಷಣ ತಡೆದು, ಥಟ್ಟನೆ ಮೇಲೇರುವುದನ್ನು ಮೀನುಗಳ ಓಡಾಟದ ನಡುವೆ ಯಾರು ಗಮನಿಸುತ್ತಾರೆ?

ಮೀನುಗಳಲ್ಲಿ ಗಡಸುನೀರಿಗೆ ಹೊಂದಿಕೊಳ್ಳುವ ಗಪ್ಪಿ, ನಮ್ಮ ದೇಶದ್ದೇ ಆದ ಜೀಬ್ರಾ ಡೇನಿಯೊ ಮುಂತಾದವು ಎರಡಡಿಯ ತೊಟ್ಟಿಗೆ ಸಾಕು. ಒಮ್ಮೆಗೆ ಮೂರು ನಾಲ್ಕರಂತೆ ಬಿಡಬೇಕು. ಕೆಂಪುಗೆರೆಯ ಡೆನಿಸನ್ ಬಾರ್ಬ್ ಎಷ್ಟೇ ಚೆಲುವಾದರೂ ಬೇಡ. ಫ್ರಾನ್ಸಿಸ್ ಡೇ 1865ರಲ್ಲಿ ವಿವರಿಸಿದ ಈ ಮೀನು ಪಶ್ಚಿಮಘಟ್ಟದ ಕೆಲವೇ ಹೊಳೆಗಳ ಸೊತ್ತು, ಅಳಿವಿನ ಅಂಚಿನ ಪಟ್ಟಿಯಲ್ಲಿ ಸೇರಿದೆ. ಸಾಲದ್ದಕ್ಕೆ ಗೇಣುದ್ದಕ್ಕೆ ಸಮೀಪಿಸಿ ಬೆಳೆದು ಗುಂಪಿನಲ್ಲಿ ಈಜತಕ್ಕದ್ದು, ಎರಡಡಿಯಲ್ಲಿ ಅದಕ್ಕೆ ಸೆರೆವಾಸವೇ ಸರಿ. ಆಹಾರದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚುವ ಭಕ್ತರ ಔದಾರ್ಯ ಅಲ್ಲಿಗೆ ಸಲ್ಲುತ್ತದೆ, ಮಿಕ್ಕದ್ದನ್ನು ಹೊಳೆ ಒಯ್ಯುತ್ತದೆ. ತೊಟ್ಟಿಯಲ್ಲಿ ಮಿಕ್ಕದ್ದು ತೊಟ್ಟಿಯಲ್ಲಿಯೇ ಕೊಳೆಯುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ, ಸಾಕು.

ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸದನ್ನು ತುಂಬಬೇಕು. ಆವಿಯಾದಷ್ಟನ್ನೇ ತುಂಬುತ್ತ ಹೋದರೆ ಲವಣ ಒಳಗೇ ಸಂಗ್ರಹವಾಗಿ ನೀರು ದಿನೇದಿನೇ ಗಡಸಾಗುತ್ತದೆ. ತೆಗೆದ ನೀರಿನಲ್ಲಿ ನೈಟ್ರೇಟಿರುವುದರಿಂದ ಗುಲಾಬಿಯ ಕುಂಡಕ್ಕೆ ಅದು ಗೊಬ್ಬರ. ಫಿಲ್ಟರಿನ ಸ್ಪಂಜನ್ನು ಆ ತೆಗೆದ ನೀರಿನಲ್ಲಿಯೇ ಹಿಂಡತಕ್ಕದ್ದು, ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ನಿಗೆ ಆರು ವಾರದ ಕೃಷಿ ನಷ್ಟ. ಕತ್ತರಿಸಿದ ಗಿಡಗಳನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ ಅದೇ ಕುಂಡಕ್ಕೆ ಸೇರಿಸಬಹುದು, ಊರಿನ ಕೆರೆಗೆ ಎಸೆಯಕೂಡದು. ಬೇಡವಾದ ಮೀನನ್ನೂ ಕೆರೆಗೆ ಬಿಡಬಾರದು. ಗಾಜಿನ ಪಾಚಿ ತಿನ್ನುವುದೆಂದು ಅಂಗಡಿಯವರು ಬೆರಳುದ್ದದಲ್ಲಿ ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ಅಡಿಗೂ ಮೀರಿ ಬೆಳೆಯುತ್ತದೆ. ದಯಾಪರರಾದ ಗೃಹಸ್ಥರು ಹೀಗೆ ಕೈಬಿಟ್ಟ ಸಕ್ಕರುಗಳೇ ಇಂದು ಭಾರತದ ಅನೇಕ ಕೆರೆ ನದಿಗಳಲ್ಲಿ ದಡವನ್ನು ಕೊರೆದು, ಬೆಸ್ತರ ಬಲೆಗಳನ್ನು ಹರಿಯುತ್ತಿವೆ. ಅದನ್ನು ಕೊಳ್ಳದಿರುವುದೇ ವಾಸಿ. ಪಾಚಿ ತಿನ್ನುವುದಕ್ಕೆ ಬಸವನಹುಳು ಇದೆ.